ಗುರುತು ಹಿಡಿದವರು ಯಾರು?

ನಮ್ಮ ಕೇರಿಯ ಮುದುಕಿಯೊಬ್ಬಳು ರೇಷನ್ ಅಂಗಡಿ ಮುಂದೆ ನಿಂತು ತನ್ನ ಹೆಬ್ಬೆಟ್ಟನ್ನು ತಾನೇ ಪಿಳಿಪಿಳಿ ನೋಡಿಕೊಳ್ಳುತ್ತಿದ್ದಳು. ಮೂರು ಸಲ ಯಂತ್ರದ ಮೇಲೆ ಒತ್ತಿದ್ದಾಯಿತು. ಸೆರಗಲ್ಲಿ ಒರೆಸಿ ಒತ್ತಿದ್ದಾಯಿತು. ನೀರು ಹಚ್ಚಿ ಒತ್ತಿದ್ದಾಯಿತು. ಯಂತ್ರ ಒಪ್ಪಲಿಲ್ಲ. 'ಅಂಗಾದ್ರ ನಾನು ನಾನಲ್ವಾ ಮೊಗಾ?' ಅಂದಳು. ಸಾಲಿನಲ್ಲಿದ್ದವರು ನಕ್ಕರು. ನಾವೂ ನಕ್ಕೆವು. ಅರಿಶಿನದ ಹೊಲ, ಈರುಳ್ಳಿ ಹೊಲ, ಚೆಂಡುಹೂವಿನ ಹೊಲ ಅಂತ ಅರವತ್ತು ವರ್ಷ ಕಂಡವರ ಮಣ್ಣು ಕೆದಕಿ ಕೆದಕಿ ಆಕೆಯ ಬೆರಳಿನ ಗೆರೆಗಳು ಸವೆದುಹೋಗಿದ್ದವು. ಗೆರೆ ಇಲ್ಲದ ಮೇಲೆ ಆಕೆ ಇಲ್ಲ. ಆಕೆ ಇಲ್ಲದ ಮೇಲೆ ಅಕ್ಕಿ ಇಲ್ಲ.

ಅದೇ ತಿಂಗಳು ನಾವು ಬಂಡೀಪುರದ ಕಾಡಿನಲ್ಲಿ ಮರಕ್ಕೆ ಕ್ಯಾಮರಾ ಕಟ್ಟೋ ಕೂಲಿಗೆ ಹೋಗಿದ್ದೆವು. ನಾವು ಅಂದರೆ ಗುಂಡ್ಲುಪೇಟೆ ಕಡೆಯ ಕಾಡಂಚಿನ ಕೇರಿಗಳಲ್ಲಿ ಮೊದಲ ಸಲ ಡಿಗ್ರಿ ಮುಗಿಸಿ, ಅಂಕಪಟ್ಟಿಯನ್ನು ಟ್ರಂಕಿನಲ್ಲಿಟ್ಟು, ಅಪ್ಪಂದಿರು ಹೋಗುತ್ತಿದ್ದ ದಿನಗೂಲಿಗೇ ಹೋದ ಹುಡುಗರು. ಒಂದು ಸಂಜೆ ಕಂಪ್ಯೂಟರಿನ ಮುಂದೆ ಕೂತಿದ್ದವರು ನಮ್ಮನ್ನು ಕರೆದು ಎರಡು ಪಟ ತೋರಿಸಿದರು. ಒಂದು ಹೋದ ವರ್ಷದ್ದು, ಒಂದು ಆ ವಾರದ್ದು. ಎರಡರಲ್ಲೂ ಕತ್ತಲಲ್ಲಿ ಓರೆಯಾಗಿ ನಡೆದುಹೋಗುತ್ತಿರುವ ಹುಲಿ. ಯಂತ್ರ ಪಕ್ಕೆಯ ಪಟ್ಟೆಗಳನ್ನು ಹೋಲಿಸಿ ನೋಡಿ ಹೇಳಿಬಿಟ್ಟಿತು: ಎರಡೂ ಒಂದೇ ಹುಲಿ.

ನಮಗೆ ಆಶ್ಚರ್ಯವಾಯಿತು. ಸಂತೋಷವೂ ಆಯಿತು, ಸುಳ್ಳು ಹೇಳಬಾರದು. ಆದರೆ ರಾತ್ರಿ ಮಲಗಿದಾಗ ಆ ಮುದುಕಿಯ ಮಾತು ಎದ್ದು ಬಂತು. ಯಾರನ್ನೂ ಹತ್ತಿರ ಬಿಟ್ಟುಕೊಳ್ಳದ ಹುಲಿಯನ್ನು ಕತ್ತಲಲ್ಲಿ ಗುರುತು ಹಿಡಿಯೋ ಕಾಲದಲ್ಲಿ, ಹಟ್ಟಿ ಮುಂದೆ ಹಗಲು ಹೊತ್ತಿನಲ್ಲಿ ನಿಂತ ಮನುಷ್ಯಳ ಗುರುತು ಯಾಕೆ ಸಿಗೋದಿಲ್ಲ? ಗುರುತು ಹಿಡಿಯೋದು ಅಂದರೇನು? ಅದನ್ನು ಬುದ್ಧಿ ಅಂತ ಕರೆಯಬಹುದಾ? ಯಂತ್ರಬುದ್ಧಿ, ಕೃತಕ ಬುದ್ಧಿಮತ್ತೆ ಅಂತ ದೇಶವೆಲ್ಲ ಮಾತಾಡುತ್ತಿರುವ ಈ ಹೊತ್ತಿನಲ್ಲಿ ಕಾಡಂಚಿನ ನಾವು ಈ ಪ್ರಶ್ನೆಯನ್ನು ನಮ್ಮ ಜಾಗದಲ್ಲಿ ನಿಂತು ಕೇಳಬೇಕಾಗಿದೆ.

*

ಮೊದಲು ಹುಲಿಯ ಗುರುತಿನ ಕತೆ. ಬಂಡೀಪುರ ಒಂದು ಕಾಲಕ್ಕೆ ಮೈಸೂರು ಅರಸರ ಬೇಟೆಯ ಕಾಡು. 1973ರಲ್ಲಿ ಹುಲಿ ಯೋಜನೆ ಬಂದಾಗ ದೇಶದಲ್ಲಿ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಇದೂ ಒಂದು. ಆವಾಗ ಹುಲಿ ಎಣಿಸುತ್ತಿದ್ದದ್ದು ಹೆಜ್ಜೆಯಿಂದ. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿಯವರು 1966ರಲ್ಲಿ ಹಾಕಿಕೊಟ್ಟ ದಾರಿ ಅದು. ಮಣ್ಣಿನಲ್ಲಿ ಮೂಡಿದ ಹೆಜ್ಜೆಯ ಮೇಲೆ ಗಾಜಿಟ್ಟು ಗೆರೆ ಎಳೆಯೋದು, ಅಚ್ಚು ತೆಗೆಯೋದು, ಒಂದೊಂದು ಹೆಜ್ಜೆಗೆ ಒಂದೊಂದು ಹುಲಿ ಅಂತ ಬರೆದುಕೊಳ್ಳೋದು. ಆದರೆ ಹೆಜ್ಜೆ ಮಣ್ಣಿನಿಂದ ಮಣ್ಣಿಗೆ ಬೇರೆಯಾಗುತ್ತೆ. ಮರಳಲ್ಲಿ ಅಗಲ, ಗಟ್ಟಿ ನೆಲದಲ್ಲಿ ಸಣ್ಣ. ರಾಜಸ್ಥಾನದ ಸರಿಸ್ಕಾದಲ್ಲಿ 2004ರ ಲೆಕ್ಕದ ಪುಸ್ತಕದಲ್ಲಿ ಹುಲಿಗಳಿದ್ದವು. 2005ಕ್ಕೆ ನೋಡಿದರೆ ಕಾಡಿನಲ್ಲಿ ಒಂದೂ ಇರಲಿಲ್ಲ. ಕಾಗದದ ಹುಲಿಗಳು ಬದುಕಿದ್ದವು, ನಿಜದ ಹುಲಿಗಳು ಸತ್ತಿದ್ದವು.

ಇನ್ನೊಂದು ದಾರಿ ಅಷ್ಟರಲ್ಲಾಗಲೇ ನಮ್ಮ ಪಕ್ಕದಲ್ಲೇ ತೆರೆದಿತ್ತು. 1990ರ ದಶಕದ ಮೊದಲಲ್ಲಿ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು, ನಮ್ಮ ಶಿವರಾಮ ಕಾರಂತರ ಮಗ, ಹುಲಿ ಓಡಾಡುವ ದಾರಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮರಾ ಇಟ್ಟರು. ಎರಡು ಯಾಕೆ? ಹುಲಿಯ ಎಡಪಕ್ಕೆಯ ಪಟ್ಟೆಯೇ ಬೇರೆ, ಬಲಪಕ್ಕೆಯದೇ ಬೇರೆ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ, ನಮ್ಮ ಹೆಬ್ಬೆಟ್ಟಿನ ಹಾಗೆ. ಪಟ ಹೆಚ್ಚಾದಂತೆ ಕಣ್ಣು ಸಾಲದಾಯಿತು. ಆಗ ಕಂಪ್ಯೂಟರಿಗೆ ಈ ಕೆಲಸ ಕಲಿಸಿದರು. ಬಾಗಿದ ಮೈಯನ್ನು ಯಂತ್ರ ಲೆಕ್ಕದಲ್ಲಿ ನೆಟ್ಟಗೆ ಮಾಡಿಕೊಂಡು, ಪಟ್ಟೆಯನ್ನು ಬಿಡಿಸಿಕೊಂಡು, ಹಳೆಯ ಪಟಗಳ ರಾಶಿಯಲ್ಲಿ ಹುಡುಕುತ್ತೆ. ಹೆಚ್ಚು ಹೋಲುವ ಪಟಗಳನ್ನು ಮುಂದಿಡುತ್ತೆ. ಕೊನೆಗೆ ಹೌದು ಅಲ್ಲ ಅನ್ನೋದು ಮನುಷ್ಯನ ಕಣ್ಣು.

ಈ ವಿದ್ಯೆ ಎಷ್ಟು ಗಟ್ಟಿ ಅನ್ನೋದಕ್ಕೆ ನಮ್ಮೂರ ಕಾಡಿನದೇ ಒಂದು ಸಾಕ್ಷಿ ಇದೆ. 2010ರಲ್ಲಿ ಬಂಡೀಪುರದ ಕ್ಯಾಮರಾದಲ್ಲಿ ಸಿಕ್ಕ ಒಂದು ಗಂಡು ಹುಲಿಗೆ ಬಿಪಿಟಿ-241 ಅಂತ ನಂಬರು ಕೊಟ್ಟಿದ್ದರು. 2011ರ ಮೇ ತಿಂಗಳಲ್ಲಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಒಂದು ಹುಲಿ ಸೆರೆಯಾಯಿತು. ಪಟ್ಟೆ ಹೋಲಿಸಿದರೆ ಅದೇ ಬಿಪಿಟಿ-241. ಸುಮಾರು 280 ಕಿಲೋಮೀಟರ್ ದೂರ. ಊರು, ತೋಟ, ರಸ್ತೆ, ಹೊಳೆ ದಾಟಿ ಅದು ನಡೆದಿತ್ತು. ದಾರಿಯಲ್ಲಿ ಯಾರಿಗೂ ಅದು ಯಾರೆಂದು ಗೊತ್ತಿರಲಿಲ್ಲ. ಗುರಿ ಮುಟ್ಟಿದ ಮೇಲೆ ಗುರುತು ಸಿಕ್ಕಿತು.

ಈ ಕತೆ ಓದಿದಾಗ ನಮಗೆ 2020 ನೆನಪಾಗದೆ ಇರಲಿಲ್ಲ. ಲಾಕ್‌ಡೌನ್ ಆದಾಗ ಈ ದೇಶದ ಕೂಲಿಕಾರರು ಮೂಟೆ ಹೊತ್ತು, ಕೂಸು ಹೊತ್ತು ನಡೆದರು. 280 ಕಿಲೋಮೀಟರಲ್ಲ, ಅದರ ಮೂರರಷ್ಟು, ನಾಲ್ಕರಷ್ಟು ನಡೆದವರಿದ್ದರು. ಆ ವರ್ಷ ಸೆಪ್ಟೆಂಬರಿನಲ್ಲಿ, ದಾರಿಯಲ್ಲಿ ಸತ್ತವರೆಷ್ಟು ಅಂತ ಪಾರ್ಲಿಮೆಂಟಿನಲ್ಲಿ ಕೇಳಿದರೆ, ಅಂಥ ಅಂಕಿಅಂಶ ಇಲ್ಲ ಅಂತ ಸರ್ಕಾರ ಉತ್ತರ ಕೊಟ್ಟಿತು. ಹುಲಿಯನ್ನು ಯಾಕೆ ಎಣಿಸಿದಿರಿ ಅಂತ ನಾವು ಕೇಳುತ್ತಿಲ್ಲ. ಎಣಿಸೋ ವಿದ್ಯೆ ಕೈಯಲ್ಲಿದ್ದಾಗಲೂ ಕೆಲವರನ್ನು ಎಣಿಸದೆ ಬಿಡೋದು ಯಂತ್ರದ ದಡ್ಡತನ ಅಲ್ಲ ಅಂತ ಹೇಳುತ್ತಿದ್ದೇವೆ.

*

ಇನ್ನೊಂದು ಲೆಕ್ಕ ನೋಡಿ. 2018ರ ರಾಷ್ಟ್ರೀಯ ಹುಲಿ ಎಣಿಕೆಯಲ್ಲಿ 26,838 ಕಡೆ ಕ್ಯಾಮರಾ ಕಟ್ಟಿದರು. 3,48,58,623 ಪಟ ಬಂದವು. ಅದರಲ್ಲಿ ಹುಲಿಯವು 76,651, ಚಿರತೆಯವು 97,399. ಅಂದರೆ ನಾನೂರೈವತ್ತು ಪಟಕ್ಕೆ ಒಂದರಲ್ಲಿ ಹುಲಿ. ಮಿಕ್ಕಿದ್ದು ಜಿಂಕೆ, ಆನೆ, ಕಾಟಿ ಮತ್ತೊಂದು. ಮೂರೂವರೆ ಕೋಟಿ ಪಟವನ್ನು ಮನುಷ್ಯರು ಕೂತು ಬೇರೆ ಮಾಡೋದು ಆಗದ ಕೆಲಸ. ಇದು ಯಾವ ಪ್ರಾಣಿ ಅಂತ ವಿಂಗಡಿಸೋದಕ್ಕೆ ಕ್ಯಾಟ್ರಾಟ್ ಅನ್ನೋ ಯಂತ್ರಬುದ್ಧಿಯ ತಂತ್ರಾಂಶ ಬಂತು. ಬೇರೆ ಬೇರೆ ಹುಲಿ ಅಂತ ಗುರುತು ಸಿಕ್ಕಿದ್ದು 2,461. ದೇಶದಲ್ಲಿ ಅಂದಾಜು 2,967 ಹುಲಿ ಅಂತ ತೀರ್ಮಾನವಾಯಿತು. ಗಿನ್ನೆಸ್ ದಾಖಲೆಯೂ ಆಯಿತು. ಮುಂದೆ 2022ರ ಎಣಿಕೆಯಲ್ಲಿ ನಮ್ಮ ಬಂಡೀಪುರಕ್ಕೆ 150 ಹುಲಿ ಸಿಕ್ಕವು, ದೇಶದಲ್ಲಿ ಕಾರ್ಬೆಟ್ ಬಿಟ್ಟರೆ ನಾವೇ.

ಇಷ್ಟನ್ನು ಎಲ್ಲರೂ ಓದಿದ್ದಾರೆ. ಅದೇ ವರದಿಯಲ್ಲಿ ಇನ್ನೆರಡು ಅಂಕಿಗಳಿವೆ, ಅವನ್ನು ಯಾರೂ ಓದೋದಿಲ್ಲ. 2018ರ ಆ ಎಣಿಕೆಗಾಗಿ ಕಾಲಾಳುಗಳು ನಡೆದ ದಾರಿ 5,22,996 ಕಿಲೋಮೀಟರ್. ಹಿಡಿದ ದುಡಿಮೆ 6,20,795 ಆಳುದಿನ. ಸ್ವಾಮಿ, ಆರು ಲಕ್ಷದ ಇಪ್ಪತ್ತು ಸಾವಿರ ದಿನ! ಹುಲಿಗೆ ನಂಬರಿದೆ. ಬಂಡೀಪುರದ ಪ್ರಿನ್ಸ್ ಅನ್ನೋ ಹುಲಿಯ ಹಾಗೆ ಹೆಸರೂ ಇರುತ್ತೆ. 2017ರಲ್ಲಿ ಅದು ಸತ್ತಾಗ ಪೇಪರಿನಲ್ಲಿ ಸುದ್ದಿಯಾಯಿತು. ಆಳಿಗೆ ಮಾತ್ರ ದಿನ. ಬಿದಿರುಮೆಳೆ ಸರಿಸಿ, ಲಂಟಾನಾ ಸೀಳಿ, ಆನೆ ಎದುರಾದಾಗ ಓಡಿ, ಮತ್ತೆ ಬಂದು ಕ್ಯಾಮರಾ ಕಟ್ಟಿದವನು ವರದಿಯಲ್ಲಿ ಒಂದು ದಿನವಾಗಿ ಕರಗಿಹೋಗಿದ್ದಾನೆ. 2010ರಿಂದೀಚೆಗೆ ಎಂ-ಸ್ಟ್ರೈಪ್ಸ್ ಅಂತ ಇನ್ನೊಂದು ವ್ಯವಸ್ಥೆ ಬಂದಿದೆ. ಗಸ್ತಿನವನು ಎಲ್ಲಿ ನಡೆದ ಅನ್ನೋದನ್ನೂ ಅದು ನಕ್ಷೆಯ ಮೇಲೆ ಗೆರೆಯಾಗಿ ಎಳೆಯುತ್ತೆ. ಅವನ ಕಾಲಿನ ಗೆರೆ ಯಂತ್ರದಲ್ಲಿದೆ. ಅವನ ಕಾಲಿನ ನೋವು ಇಲ್ಲ.

*

ಯಂತ್ರಕ್ಕೆ ಗುರು ಯಾರು? ಇದು ನಮ್ಮ ಮುಂದಿನ ಪ್ರಶ್ನೆ.

ಕ್ಯಾಮರಾವನ್ನು ಎಲ್ಲಿ ಕಟ್ಟಬೇಕು ಅಂತ ಯಂತ್ರಕ್ಕೆ ಗೊತ್ತಿಲ್ಲ. ಯಾವ ತಿರುವಿನಲ್ಲಿ ಹುಲಿ ಮರ ಪರಚುತ್ತೆ, ಯಾವ ಹಳ್ಳದಲ್ಲಿ ಬೇಸಿಗೆಯಲ್ಲೂ ನೀರು ಜಿನುಗುತ್ತೆ, ಮುಸುವ ಯಾವ ದನಿಯಲ್ಲಿ ಕೂಗಿದರೆ ಹುಲಿ, ಯಾವ ದನಿಯಲ್ಲಾದರೆ ಚಿರತೆ: ಇದು ಜೇನುಕುರುಬರ, ಬೆಟ್ಟಕುರುಬರ, ಸೋಲಿಗರ ತಲೆಮಾರುಗಳ ಓದು. 2019ರ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿ ಸುತ್ತಿನಲ್ಲಿ ಇಬ್ಬರು ರೈತರು ಹುಲಿಗೆ ಬಲಿಯಾದರು. ಕ್ಯಾಮರಾ ಬಂತು, ಸಾಕಿದ ಆನೆ ಬಂದವು. ಜಾಡು ಹಿಡಿಯೋದಕ್ಕೆ ಸೋಲಿಗರೂ ಬಂದರು. ಅಕ್ಟೋಬರ್ 13ರಂದು ಹುಲಿ ಸೆರೆಯಾಯಿತು. ಕಾಡು ತಮ್ಮದಲ್ಲ ಅಂತ ಅನ್ನಿಸಿಕೊಂಡು ಹಾಡಿಗೆ ಬಂದು ಬಿದ್ದವರ ಅರಿವು, ಕಷ್ಟ ಬಂದಾಗ ಮಾತ್ರ ಬೇಕಾಗುತ್ತೆ. ಕೆಲಸ ಮುಗಿದ ಮೇಲೆ ಅದು ಯಂತ್ರದ ಗೆಲುವು.

ಕಲಿಯೋ ಯಂತ್ರ ಅಂದರೆ ಮಂತ್ರವಲ್ಲ. ಸಾವಿರಾರು ಪಟದ ಕೆಳಗೆ ಯಾರೋ ಒಬ್ಬರು ಕೂತು, ಇದು ಹುಲಿ, ಇದು ಕಾಟಿ, ಇದು ಮನುಷ್ಯ ಅಂತ ಚೀಟಿ ಅಂಟಿಸಬೇಕು. ಆ ಚೀಟಿಗಳನ್ನು ನೋಡಿ ನೋಡಿ ಯಂತ್ರ ಮುಂದಿನ ಪಟಕ್ಕೆ ತಾನೇ ಚೀಟಿ ಅಂಟಿಸುತ್ತೆ. ಚೀಟಿ ಸರಿಯಿದ್ದರೆ ಯಂತ್ರ ಸರಿ. ಚೀಟಿ ತಪ್ಪಿದ್ದರೆ ಯಂತ್ರ ಆ ತಪ್ಪನ್ನೇ ಕೋಟಿ ಸಲ, ಬೇಸರವಿಲ್ಲದೆ, ನಾಚಿಕೆಯಿಲ್ಲದೆ ಮಾಡುತ್ತೆ.

ಚೀಟಿ ಅಂಟಿಸೋ ವಿದ್ಯೆ ನಮಗೆ ಹೊಸದಾ ಗೆಳೆಯರೆ? ಹೋಟೆಲಿನಲ್ಲಿ ಬೇರೆ ಲೋಟ ಇಟ್ಟದ್ದು ಒಂದು ಚೀಟಿ. ಊರಾಚೆ ಕೇರಿ ಇಟ್ಟದ್ದು ಒಂದು ಚೀಟಿ. ಹೆಸರು ಕೇಳಿ, ಅಪ್ಪನ ಹೆಸರು ಕೇಳಿ, ಅದೂ ಸಾಲದೆ 'ಊರಲ್ಲಿ ಯಾವ ಕಡೆ?' ಅಂತ ಕೇಳಿ ವಿಂಗಡಿಸೋ ಯಂತ್ರ ಈ ದೇಶದಲ್ಲಿ ಸಾವಿರಾರು ವರ್ಷದಿಂದ ಕರೆಂಟಿಲ್ಲದೆ ಓಡುತ್ತಿದೆ. ಅದು ನಮ್ಮನ್ನು ಕತ್ತಲಲ್ಲೂ ಗುರುತು ಹಿಡಿಯುತ್ತಿತ್ತು. ಅರಿಯುತ್ತಿರಲಿಲ್ಲ, ಅಷ್ಟೆ. ಹುಲಿಯ ಪಟ್ಟೆ ಹುಲಿಯ ಮೈಯಲ್ಲೇ ಹುಟ್ಟಿದ್ದು. ನಮ್ಮ ಮೇಲಿನ ಪಟ್ಟೆ ಬೇರೆಯವರು ಬರೆದದ್ದು. ಈ ವ್ಯತ್ಯಾಸ ಗೊತ್ತಿಲ್ಲದ ಬುದ್ಧಿಯ ಕೈಗೆ, ಹಳೆಯ ಕಡತಗಳನ್ನೆಲ್ಲ ಕೊಟ್ಟು ನೀನೇ ಕಲಿತುಕೋ ಅಂದರೆ, ಅದು ಏನನ್ನು ಕಲಿಯುತ್ತೆ ಅನ್ನೋದನ್ನು ಊಹಿಸೋದಕ್ಕೆ ಎಂ.ಎ. ಓದಬೇಕಿಲ್ಲ.

ಭಾಷೆಯ ಮಾತೂ ಇದೇ. 1973ರಲ್ಲಿ, ಹುಲಿ ಯೋಜನೆ ಬಂದ ವರ್ಷವೇ, ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ 'ಬೂಸಾ' ಅನ್ನೋ ಒಂದು ಮಾತಾಡಿ ಮಂತ್ರಿಗಿರಿ ಕಳೆದುಕೊಂಡರು. ಈಗಿನ ಮಾತಾಡೋ ಯಂತ್ರಗಳಿಗೆ ಇದ್ದಬದ್ದ ಬರಹವನ್ನೆಲ್ಲ ಮೇವಾಗಿ ಹಾಕುತ್ತಾರೆ. ಆ ಮೇವಿನಲ್ಲಿ ನಮ್ಮ ಅವ್ವಂದಿರ ಮಾತು ಎಷ್ಟಿದೆ? ನಮ್ಮ ಕಡೆ ಹೆದರಿಕೆಯಲ್ಲಿ ಯಾರೂ 'ಹುಲಿ ಬಂದಿದೆ' ಅಂತ ವ್ಯಾಕರಣ ನೋಡಿ ಕೂಗೋದಿಲ್ಲ. 'ಉಲಿ ಬಂದದ ಕನ್ರಪ್ಪೋ' ಅಂತಾರೆ. ಎಚ್ಚರಿಕೆ ಕೊಡೋ ಯಂತ್ರಕ್ಕೆ ಈ 'ಉಲಿ' ತಿಳಿಯದಿದ್ದರೆ ಅದು ಯಾರನ್ನು ಕಾಯುತ್ತೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೆಸ್ಪಿನ್ ಅನ್ನೋ ಯೋಜನೆಯಲ್ಲಿ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಪ್ರಾದೇಶಿಕ ನುಡಿಗಳಲ್ಲಿ ಬೇಸಾಯದ, ಹಣಕಾಸಿನ ಮಾತುಗಳನ್ನು ಜನರ ದನಿಯಲ್ಲೇ ಕೂಡಿಸಿದ್ದಾರೆ. ಇಂಥ ಕೆಲಸವನ್ನು ನಾವು ಎರಡೂ ಕೈಯೆತ್ತಿ ಸ್ವಾಗತಿಸುತ್ತೇವೆ. ಯಂತ್ರ ನಮ್ಮ ಮಾತು ಕಲಿಯಲಿ. ಅದಕ್ಕೆ ಮೊದಲು ನಾವು ಮಾತಾಡೋದು ಭಾಷೆ ಅಂತ ಒಪ್ಪಬೇಕಲ್ಲ.

*

ಯಂತ್ರ ನಮ್ಮನ್ನು ನೋಡೋದೇ ಇಲ್ಲ ಅಂತ ಇಷ್ಟು ಹೊತ್ತು ಅಂದೆವು. ನೋಡಿದಾಗ ಏನಾಗುತ್ತೆ ಅನ್ನೋದನ್ನೂ ಹೇಳಬೇಕು.

ನಾವು ಕಟ್ಟಿದ ಒಂದು ಕ್ಯಾಮರಾದಲ್ಲಿ ಸೌದೆ ಹೊರೆ ಹೊತ್ತ ಹೆಂಗಸರು ಬಂದಿದ್ದರು. ಮುಖ ತಿರುಗಿಸಿದ್ದರಿಂದ ಯಾರೆಂದು ಹೇಳೋ ಹಾಗಿರಲಿಲ್ಲ. ಆದರೆ ಸೀರೆ ಗೊತ್ತು, ನಡಿಗೆ ಗೊತ್ತು, ಹೊರೆ ಕಟ್ಟೋ ರೀತಿ ಗೊತ್ತು. ನಮ್ಮಲ್ಲೊಬ್ಬ ತಲೆ ತಗ್ಗಿಸಿದ. ಅವನ ಅವ್ವ. ಯಂತ್ರ ಪಟದ ಮೇಲೆ 'ಮನುಷ್ಯ' ಅಂತ ಚೀಟಿ ಅಂಟಿಸಿ ಪಕ್ಕಕ್ಕೆ ತಳ್ಳಿತು. ನಾವು ಗುರುತು ಹೇಳಲಿಲ್ಲ. ಆವತ್ತು ಗುರುತು ಸಿಗದಿದ್ದದ್ದೇ ಪುಣ್ಯ ಅನ್ನಿಸಿತು. ಗುರುತು ಅನ್ನೋದು ಎರಡು ಮೊನೆಯ ಕತ್ತಿ. ಅಕ್ಕಿಯ ಸಾಲಿನಲ್ಲಿ ಅದು ಬೇಕು, ಸೌದೆಯ ದಾರಿಯಲ್ಲಿ ಬೇಡ. ನಮ್ಮ ಕಡೆಯವರಿಗೆ ಬೇಕಾದ ಕಡೆ ಸಿಗೋದಿಲ್ಲ, ಬೇಡದ ಕಡೆ ತಪ್ಪೋದಿಲ್ಲ.

ಉತ್ತರಾಖಂಡದ ಕಾರ್ಬೆಟ್ಟಿನಲ್ಲಿ ನಡೆದದ್ದು ಇದಕ್ಕಿಂತ ಕ್ರೂರ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕ ತ್ರಿಶಾಂತ್ ಸಿಮ್ಲಾಯಿ ಅಲ್ಲಿನ ಹಳ್ಳಿಗಳ 270 ಜನರನ್ನು ಮಾತಾಡಿಸಿ 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತುಳಿತಕ್ಕೊಳಗಾದ ಸಮುದಾಯದ, ಆಟಿಸಂ ಇದ್ದ ಒಬ್ಬ ಹೆಂಗಸು ಬಹಿರ್ದೆಸೆಗೆ ಕೂತಿದ್ದು ಪ್ರಾಣಿಗಳಿಗೆಂದು ಇಟ್ಟ ಕ್ಯಾಮರಾದಲ್ಲಿ ಬಿತ್ತು; ಆ ಪಟ ಗಂಡಸರ ಫೋನುಗಳಲ್ಲಿ ಓಡಾಡಿತು. ಊರವರು ಸಿಟ್ಟಿಗೆದ್ದು ಕ್ಯಾಮರಾ ಒಡೆದರು. ಇನ್ನೊಂದು ಮಾತನ್ನೂ ಆ ಅಧ್ಯಯನ ಹೇಳುತ್ತೆ. ಕಾಡಿಗೆ ಹೋಗೋ ಹೆಂಗಸರು ಗಟ್ಟಿಯಾಗಿ ಹಾಡುತ್ತಾ ಮಾತಾಡುತ್ತಾ ಹೋಗುತ್ತಿದ್ದರು. ದನಿ ಕೇಳಿದರೆ ಪ್ರಾಣಿ ದೂರ ಸರಿಯುತ್ತೆ. ಕ್ಯಾಮರಾದ ಭಯಕ್ಕೆ ಅವರು ದನಿ ತಗ್ಗಿಸಿದರು. ದನಿ ತಗ್ಗಿದಷ್ಟೂ ಹುಲಿ ಹತ್ತಿರವಾಯಿತು. ಹುಲಿಯನ್ನು ಉಳಿಸೋದಕ್ಕೆ ಇಟ್ಟ ಕಣ್ಣು ಹೆಂಗಸಿನ ಬಾಯಿಂದ ಹಾಡು ಕಿತ್ತುಕೊಂಡಿತು. ಆ ಹಾಡೇ ಆಕೆಯ ರಕ್ಷಣೆಯಾಗಿತ್ತು.

ನಾವು ಹುಲಿಯ ವಿರೋಧಿಗಳಲ್ಲ. ಹುಲಿಯೇರಿ ಬಂದ ಮಾದಪ್ಪನ ಒಕ್ಕಲು ನಾವು, ಹುಲಿ ನಮಗೆ ಹಗೆಯಾಗೋದು ಹೇಗೆ? ಯಂತ್ರದ ವಿರೋಧಿಗಳೂ ಅಲ್ಲ. ರೈಲು ಹಳಿಯ ಹತ್ತಿರ ಆನೆ ಬಂದರೆ ಮೊದಲೇ ಕಂಡು ಎಚ್ಚರಿಸೋ ಯಂತ್ರವನ್ನು 2024ರಲ್ಲಿ ಕೊಯಮತ್ತೂರಿನ ಮದುಕ್ಕರೈಯಲ್ಲಿ ಇಟ್ಟಿದ್ದಾರೆ. ಆನೆಯನ್ನು ಉಳಿಸೋ ಅಂಥ ಬುದ್ಧಿ ನಮ್ಮ ಹೊಲದ ಬದುವಿಗೂ ಬರಲಿ. ಬಂದಾಗ ಅದರ ಎಚ್ಚರಿಕೆ ಅಧಿಕಾರಿಯ ಫೋನಿಗೆ ಹೋದಷ್ಟೇ ಬೇಗ ರಾತ್ರಿ ನೀರು ಕಟ್ಟೋ ಆಳಿಗೂ ತಲುಪಲಿ. ಕ್ಯಾಮರಾ ಎಲ್ಲಿದೆ, ಅದರಲ್ಲಿ ಬಿದ್ದ ಮನುಷ್ಯರ ಪಟ ಎಲ್ಲಿ ಹೋಯಿತು ಅಂತ ಕೇಳೋ ಹಕ್ಕು ಗ್ರಾಮಸಭೆಗಿರಲಿ. ಇದು ಆಗದ ಮಾತಲ್ಲ. ನಮ್ಮದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಕಾಡೊಂದರಲ್ಲಿ ಅದು ದೇಶಕ್ಕೇ ಮೊದಲು.

*

2025ರ ಸೆಪ್ಟೆಂಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ ಒಂದು ಸಂಗತಿ ನಡೆಯಿತು. ಹುಲಿ ಹಿಡಿಯಲಿಲ್ಲ ಅಂತ ಸಿಟ್ಟಾದ ಊರವರು, ಹುಲಿಗೆಂದು ಇಟ್ಟಿದ್ದ ಬೋನಿನೊಳಗೆ ಅರಣ್ಯ ಇಲಾಖೆಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ದೇಶವೆಲ್ಲ ನೋಡಿ ನಕ್ಕಿತು. ನಮಗೆ ನಗು ಬರಲಿಲ್ಲ. ಹೊರಗೆ ನಿಂತವರು ದನ ಕಟ್ಟಿ ಬದುಕೋ ರೈತರು. ಒಳಗೆ ನಿಂತವರು ಕೆಲಸಕ್ಕೆ ಬಂದವರು. ಗೆಜೆಟಿನಲ್ಲಿ ಸಹಿ ಹಾಕಿದವರು ಅಲ್ಲಿರಲಿಲ್ಲ. ನಾಳೆ ಯಂತ್ರವೇ ಎಲ್ಲ ತೀರ್ಮಾನ ಮಾಡೋ ಕಾಲ ಬಂದು, ಅದು ತಪ್ಪಿದರೆ, ಬೋನಿಗೆ ಯಾರನ್ನು ಹಾಕೋದು? ಅದಕ್ಕೆ ಮೈಯಿಲ್ಲ. ಬೋನಿನ ಒಳಗೂ ನಮ್ಮಂಥವರೇ, ಹೊರಗೂ ನಮ್ಮಂಥವರೇ ನಿಲ್ಲಬೇಕಾಗುತ್ತೆ.

ಬುದ್ಧಿಯ ಪ್ರಶ್ನೆ ಕೊನೆಗೆ ಇಲ್ಲಿಗೆ ಬಂದು ನಿಲ್ಲುತ್ತೆ ಅಂತ ನಮಗೆ ತೋರುತ್ತೆ. ಪೊಲೀಸಿನವನೂ ಗುರುತು ಹಿಡಿಯುತ್ತಾನೆ, ತಾಯಿಯೂ ಗುರುತು ಹಿಡಿಯುತ್ತಾಳೆ. ಮಾತು ಒಂದೇ, ಕೆಲಸ ಬೇರೆ. ತಾಯಿ ಗುರುತು ಹಿಡಿದ ಕ್ಷಣವೇ ಅವಳ ಮೇಲೆ ಒಂದು ಹೊಣೆ ಬೀಳುತ್ತೆ. ಮಗು ಹಸಿದಿದ್ದರೆ ಉಣಿಸಬೇಕು, ಅತ್ತರೆ ಎತ್ತಿಕೊಳ್ಳಬೇಕು. ಗುರುತು ಹಿಡಿದ ಮೇಲೆ ಹೊಣೆ ಹೊರಬೇಕಾದವರದೇ ಅರಿವು. ಹೊಣೆಯಿಲ್ಲದ ಗುರುತು ಬರೀ ವಿಂಗಡಣೆ. ಯಂತ್ರಕ್ಕೆ ಹೊಣೆ ಹೊರೋದಕ್ಕೆ ಬರೋದಿಲ್ಲ, ಅದು ಅದರ ತಪ್ಪಲ್ಲ. ಆದರೆ ಅದರ ಹಿಂದೆ ನಿಂತವರಿಗೆ ಬರುತ್ತೆ. ಅವರು ಯಂತ್ರದ ಹಿಂದೆ ಅಡಗಿಕೊಳ್ಳೋದು ತಪ್ಪು.

ಮತ್ತೆ ಆ ರೇಷನ್ ಅಂಗಡಿಗೆ ಬರೋಣ. ತಕ್ಕಡಿ ಹಿಂದೆ ಕೂತಿದ್ದವನು ಆ ಮುದುಕಿಯನ್ನು ಚಿಕ್ಕಂದಿನಿಂದ ಬಲ್ಲ. ಹೆಸರು ಹಿಡಿದು ಕರೆಯುತ್ತಾನೆ. ಆಕೆಯ ಗಂಡ ಯಾವ ವರ್ಷ ಸತ್ತ ಅನ್ನೋದೂ ಅವನಿಗೆ ಗೊತ್ತು. ಆವತ್ತು ಅವನು ಹೇಳಿದ್ದು: 'ನನ್ ಕೈಲೇನದ ಅಜ್ಜಿ, ಮಿಷನ್ ಒಪ್ತಿಲ್ಲ.' ಯಂತ್ರಕ್ಕೆ ಆಕೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು. ಗೊತ್ತಿದ್ದವನು ಗೊತ್ತಿಲ್ಲದ್ದರ ಮರೆಗೆ ಹೋದ.

ಅವನೊಬ್ಬನೇ ಅಲ್ಲ. ಸಾಲಿನಲ್ಲಿ ನಾವೂ ಇದ್ದೆವು. ಡಿಗ್ರಿ ಓದಿದ ನಾವು, ಅಂಬೇಡ್ಕರ್ ಪಟದ ಕೆಳಗೆ ಕೂತು ಭಾಷಣ ಮಾಡೋ ನಾವು. 'ಇವಳು ಇವಳೇ ಕಣಯ್ಯ, ನಾವು ಬಲ್ಲೆವು, ಬರೆದುಕೋ, ಅಳೆದು ಕೊಡು' ಅಂತ ಒಬ್ಬರೂ ಬಾಯಿಬಿಡಲಿಲ್ಲ. ಆಕೆ ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬಿಸಿಲಿಗೆ ಇಳಿದಳು. ನಾವು ನಕ್ಕೆವು ಅಂತ ಮೊದಲೇ ಹೇಳಿದ್ದೇವೆ.